ಸಹಾಯ ಬೇಕು: ತಮ್ಮನಿಗೆ ಮುಖಭಾವ ಗುರುತಿಸುವ ತರಬೇತಿ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 27 ವರ್ಷ, ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ಶುರುವಾದ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ, ನಿದ್ದೆನೂ ಪರವಾಗಿಲ್ಲ. ಆದರೆ ಎದುರಿಗಿದ್ದವರ ಮನಸ್ಸಲ್ಲಿ ಏನಿದೆ ಅಂತ ಅವನಿಗೆ ಗೊತ್ತಾಗಲ್ಲ. ಹೋದ ವಾರ ಮದುವೆ ಊಟದಲ್ಲಿ ಚಿಕ್ಕಪ್ಪ ನಗ್ತಾ "ಇವನಿಗೆ ಇನ್ನೆರಡು ಹೋಳಿಗೆ ಹಾಕ್ರಪ್ಪ, ಪಾಪ ಏನೂ ತಿಂದಿಲ್ಲ" ಅಂದರು. ಅಣಕಿಸಿದರು ಅಂದುಕೊಂಡು ಎಲೆ ಬಿಟ್ಟು ಎದ್ದೇಬಿಟ್ಟ. (ಪಂಕ್ತಿಯಿಂದ ಅರ್ಧಕ್ಕೇ ಎದ್ದರೆ ಎಷ್ಟು ಮಾತು ಬರುತ್ತೆ ಗೊತ್ತಲ್ಲ.)

ಇದು ಕೊಬ್ಬಲ್ಲ, ಕಾಯಿಲೆಯದೇ ಭಾಗ ಅಂದರು ಡಾಕ್ಟರ್. ಮುಖದಲ್ಲಿನ ಭಯ, ಸಿಟ್ಟು ಗುರುತಿಸೋಕೆ ಬೇಕಾದ ಅಮಿಗ್ಡಲಾದಂಥ ಮೆದುಳಿನ ಜಾಗಗಳು ಬೇರೆ ರೀತಿ ಕೆಲಸ ಮಾಡುತ್ತವಂತೆ, ಮಾತ್ರೆಯಿಂದ ಇದು ಅಷ್ಟಾಗಿ ಸುಧಾರಿಸಲ್ಲವಂತೆ. ಎದುರಿಗಿದ್ದವರ ಮನಸ್ಸು ಎಷ್ಟು ಅರ್ಥವಾಗುತ್ತೆ ಅಂತ ಅಳೆಯೋಕೆ ನಿಮ್ಹಾನ್ಸ್‌ನವರು ನಮ್ಮ ಜನಕ್ಕೆ ಹೊಂದುವಂತೆ ಸೋಕ್ರಾಟಿಸ್ ಅನ್ನೋ ಪರೀಕ್ಷೆ ಮಾಡಿದ್ದಾರೆ. ನನಗೆ ಬೇಕಿರೋದು ಅಳತೆಗಿಂತ ಅಭ್ಯಾಸ.

ಹಾಸನದ ಸುತ್ತಮುತ್ತ ಕನ್ನಡದಲ್ಲೇ ಇಂಥ ತರಬೇತಿ ಕೊಡಿಸಿದವರು ಯಾರಾದರೂ ಇದ್ದೀರಾ? ಎಷ್ಟು ದಿನ ಹಿಡಿಯಿತು? ಮನೆಯಲ್ಲೇ ಫೋಟೋ ತೋರಿಸಿ ಮಾಡಿಸಬಹುದಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕೇಳಿದವರೂ ಹೇಳಿ. ಮಾತ್ರೆ ನಿಲ್ಲಿಸಿ ಅನ್ನೋ ಸಲಹೆ ಮಾತ್ರ ದಯವಿಟ್ಟು ಬೇಡ.