ಪದಚರ್ಚೆ: ಬೆಟ್ಟ ಹತ್ತಿದರೋ, ಮಸೀದಿಗೆ ನುಗ್ಗಿದರೋ?

ಬಲ್ಲವರಲ್ಲಿ ಒಂದು ಕೇಳಿಕೆ. ಸುದ್ದಿ ಅನುವಾದವೇ ನನ್ನ ಹೊಟ್ಟೆಪಾಡು. ಜೆರುಸಲೇಮಿನಿಂದ ಸುದ್ದಿ ಬಂದರೆ ಸಾಕು, ಕೈ ತಾನಾಗಿಯೇ ‘ದಾಳಿ’ ಎಂದು ಬರೆದುಬಿಡುತ್ತದೆ. ಪೊಲೀಸರು ಲಾಠಿ ಹಿಡಿದು ಮಸೀದಿಯೊಳಗೆ ಹೋದರೂ ದಾಳಿ, ಗೋರಿಗೆ ಬೆಂಕಿ ಇಟ್ಟರೂ ದಾಳಿ, ನಮಾಜಿಗೆ ಬಾಗಿದವರನ್ನು ಗುಂಡಿಟ್ಟು ಕೊಂದರೂ ದಾಳಿ. ಆದಾಯ ತೆರಿಗೆಯವರು ಯಾರದೋ ಮನೆಗೆ ಬಂದರೂ ನಮ್ಮಲ್ಲಿ ಅದು ದಾಳಿಯೇ. ಇಷ್ಟು ಸವೆದ ಪದದಿಂದ ಓದುಗನಿಗೆ ಏನು ತಿಳಿಯಬೇಕು?

ನನ್ನನ್ನು ಹೆಚ್ಚು ಕಾಡುವುದು ಒಂದು ಕ್ರಿಯಾಪದ. ಜೆರುಸಲೇಮಿನ ಹಳೆಯ ಪಟ್ಟಣದಲ್ಲಿ ಸುಮಾರು 35 ಎಕರೆಯ ಆವರಣವೊಂದಿದೆ. ಯಹೂದಿಯರಿಗೆ ಅದು ‘ಹರ್ ಹಬಾಯಿತ್’, ಅಂದರೆ ಅವರ ಪ್ರಾಚೀನ ದೇವಾಲಯವಿದ್ದ ಬೆಟ್ಟ. ಮುಸ್ಲಿಮರಿಗೆ ಅದು ‘ಹರಮ್ ಅಲ್-ಶರೀಫ್’, ಅಂದರೆ ಪವಿತ್ರ ಆವರಣ. ಇಡೀ ಆವರಣವನ್ನೇ ಅಲ್-ಅಕ್ಸಾ ಎನ್ನುವುದೂ ಉಂಟು. (ಅಲ್-ಅಕ್ಸಾ ಸುದ್ದಿಗೆ ಬಂಗಾರದ ಗುಮ್ಮಟದ ಚಿತ್ರ ಹಾಕುವ ನಮ್ಮ ಪತ್ರಿಕೆಗಳ ಅಭ್ಯಾಸ ಬೇರೆಯೇ ಕಥೆ. ಅದು ಬಂಡೆಯ ಗುಮ್ಮಟ. ದಕ್ಷಿಣದ ತುದಿಯಲ್ಲಿ ಬೂದು ಬಣ್ಣದ ಗುಮ್ಮಟ ಹೊತ್ತು ನಿಂತಿರುವುದು ಮಸೀದಿ.) ಯಹೂದಿಯರ ಒಂದು ಗುಂಪು ಅಲ್ಲಿಗೆ ಹೋದರೆ ಹೀಬ್ರೂ ಭಾಷೆಯಲ್ಲಿ ಅದು ‘ಅಲಿಯಾ’, ಮೇಲೇರುವುದು. ಅದೇ ಗುಂಪು, ಅದೇ ಬೆಳಗು, ಅದೇ ಬಾಗಿಲು; ಅರಬ್ಬಿ ಪತ್ರಿಕೆಯಲ್ಲಿ ಮಾತ್ರ ‘ಇಕ್ತಿಹಾಮ್’, ನುಗ್ಗುವುದು.

ಕನ್ನಡದಲ್ಲಿ ಎರಡೂ ಕೈಕೊಡುತ್ತವೆ. ‘ಬೆಟ್ಟ ಹತ್ತಿದರು’ ಎಂದರೆ ನಮ್ಮ ಓದುಗನ ಕಣ್ಣಿಗೆ ಮಾದಪ್ಪನ ಬೆಟ್ಟ, ಹರಕೆ, ಮುಡಿ ಎಲ್ಲ ಬಂದು ನಿಲ್ಲುತ್ತವೆ. ‘ನುಗ್ಗಿದರು’ ಎಂದರೆ ಬಾಗಿಲು ಮುರಿದ ಸದ್ದು ಕೇಳಿಸುತ್ತದೆ. ‘ಭೇಟಿ ನೀಡಿದರು’ ಎನ್ನೋಣವೆಂದರೆ ಅದು ನೆರೆ ನೋಡಲು ಹೋದ ಮಂತ್ರಿಗಳ ಭಾಷೆ. 2000ದ ಸೆಪ್ಟೆಂಬರ್ 28ರಂದು ಇಸ್ರೇಲಿನ ಆಗಿನ ವಿರೋಧ ಪಕ್ಷದ ನಾಯಕ ಏರಿಯಲ್ ಶರೋನ್ ನೂರಾರು ಪೊಲೀಸರ ನಡುವೆ ಅಲ್ಲಿ ಕಾಲಿಟ್ಟದ್ದನ್ನು, ಮರುದಿನದಿಂದಲೇ ರಕ್ತ ಹರಿದದ್ದನ್ನು ‘ಭೇಟಿ’ಯ ಲೆಕ್ಕಕ್ಕೆ ಸೇರಿಸುವುದು ಹೇಗೆ? 1967ರಿಂದ ನಡೆದುಬಂದ ಏರ್ಪಾಟಿನಲ್ಲಿ ಆಡಳಿತ ಜೋರ್ಡಾನಿನ ಕೈಕೆಳಗಿನ ವಕ್ಫ್ ಮಂಡಳಿಯದು, ಹೊರಗಾವಲು ಇಸ್ರೇಲಿನದು. ಬೇರೆ ಧರ್ಮದವರು ಹೋಗಬಹುದು, ಪ್ರಾರ್ಥಿಸಬಾರದು. ಹೀಗಾಗಿ ಬಂದವರ ತುಟಿ ಅಲುಗುತ್ತಿದೆಯೇ ಎಂದು ಕಾವಲಿನವರು ನೋಡುತ್ತಾ ನಿಲ್ಲುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಆ ಕಟ್ಟು ಸಡಿಲಾಗಿದೆ, ಜಗಳವೂ ಹೆಚ್ಚಿದೆ. ಸದ್ಯಕ್ಕೆ ನಾನು ‘ಪೊಲೀಸ್ ಕಾವಲಿನಲ್ಲಿ ಆವರಣದೊಳಗೆ ಹೋದರು’ ಎಂದು ಬರೆಯುತ್ತೇನೆ. ಸಪ್ಪೆ ಎನ್ನುತ್ತಾರೆ ನಮ್ಮ ಹಿರಿಯರು. ಇರಲಿ, ಉಪ್ಪು ಹಾಕುವುದು ನನ್ನ ಕೆಲಸವಲ್ಲ.

ಹೋಗಿ ಬಂದದ್ದು ಹಾಗಿರಲಿ, ಪವಿತ್ರ ಜಾಗವನ್ನು ಕೆಡಿಸಿದ್ದಕ್ಕೆ ಏನೆನ್ನಬೇಕು? ‘ಅಪವಿತ್ರಗೊಳಿಸು’ ಎಂಬುದು ಪುಸ್ತಕದ ಮಾತು. ಹೀಬ್ರೂವಿನ ‘ಹಿಲ್ಲುಲ್’ ಪದಕ್ಕೆ ಪವಿತ್ರವಾದದ್ದನ್ನು ದಿನಬಳಕೆಯ ಸಾಮಾನ್ಯ ವಸ್ತುವಾಗಿಸುವುದು ಎಂಬ ಅರ್ಥ. ಅರಬ್ಬಿಯ ‘ತದ್ನೀಸ್’ ಕೊಳೆ ಮಾಡುವುದು, ಕಲೆ ಹತ್ತಿಸುವುದು. ಎರಡನೆಯದಕ್ಕೆ ನಮ್ಮ ‘ಮೈಲಿಗೆ’ ಎಷ್ಟು ಹತ್ತಿರ! ಒಗೆಯಲು ಹಾಕಿದ ಬಟ್ಟೆಗೂ ಅದೇ ಪದ. ಆದರೆ ಮನುಷ್ಯರನ್ನು ಬಾವಿಯಿಂದ, ಗುಡಿಯಿಂದ ದೂರವಿಟ್ಟದ್ದೂ ಅದೇ ಪದ. ಪತ್ರಿಕೆಯಲ್ಲಿ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಶಾಸನಗಳಲ್ಲಿ ಹುಡುಕಿದೆ. ಹಲ್ಮಿಡಿ ಶಾಸನದಲ್ಲೇ ದತ್ತಿಯನ್ನು ‘ಅಳಿ’ದವರಿಗೆ, ಅಂದರೆ ಕೆಡಿಸಿದವರಿಗೆ, ಮಹಾಪಾತಕ ಎಂಬ ಶಾಪವಿದೆ. ಮುಂದೆ ವಿಜಯನಗರದ ಕಾಲಕ್ಕೆ ‘ಈ ಧರ್ಮಕ್ಕೆ ಅಳುಪಿದವರು’, ಅಂದರೆ ತಪ್ಪಿ ನಡೆದವರು, ಎಂಬ ಮಾತು. ಇಲ್ಲಿ ಧರ್ಮವೆಂದರೆ ದೇವರ ಹೆಸರಿನಲ್ಲಿ ಬಿಟ್ಟ ದತ್ತಿ. ವಕ್ಫ್ ಎಂಬುದರ ಅರ್ಥವೂ ಅದೇ ತಾನೇ? ಎಷ್ಟು ಚೆನ್ನಾಗಿ ಕೂರುತ್ತದೆ! ತೊಡಕೆಂದರೆ ಇಂದಿನ ಕನ್ನಡದಲ್ಲಿ ‘ಅಳಿ’ ಎಂದರೆ ತಾನೇ ನಾಶವಾಗುವುದು. ‘ಗೋರಿಯನ್ನು ಅಳಿದರು’ ಎಂದು ಬರೆದರೆ ಕರಡು ತಿದ್ದುವವರು ‘ಅಳೆದರು’ ಎಂದು ತಿದ್ದಿಬಿಡುತ್ತಾರೆ.

ಗೋರಿ ಎಂದೆನಲ್ಲ, ಅದೂ ಪ್ರಶ್ನೆಯೇ. ವೆಸ್ಟ್ ಬ್ಯಾಂಕಿನ ನಾಬ್ಲುಸ್ ಪಟ್ಟಣದಲ್ಲಿ ಬಲಾಟಾ ಎಂಬ ಪ್ಯಾಲೆಸ್ತೀನಿ ನಿರಾಶ್ರಿತರ ಶಿಬಿರದ ಬಳಿ ಒಂದು ಸಣ್ಣ ಗುಮ್ಮಟದ ಕಟ್ಟಡವಿದೆ. ಯಹೂದಿಯರ ನಂಬಿಕೆಯಂತೆ ಅಲ್ಲಿರುವುದು ಈಜಿಪ್ಟಿನಿಂದ ತಂದ, ಬೈಬಲಿನ ಯೋಸೇಫನ ಅಸ್ಥಿ. ಊರಿನ ಅನೇಕರಿಗೆ ಅದು ಯೂಸುಫ್ ಎಂಬ ಸ್ಥಳೀಯ ಶೇಖ್ ಒಬ್ಬರ ಸಮಾಧಿ. 2000ದ ಅಕ್ಟೋಬರಿನಲ್ಲಿ ಇಸ್ರೇಲಿ ಸೈನಿಕರು ಜಾಗ ಬಿಟ್ಟ ಕೂಡಲೇ ಗುಂಪು ಒಳಹೊಕ್ಕು ಒಡೆಯಿತು, ಸುಟ್ಟಿತು. ದುರಸ್ತಿ ಮಾಡುವಾಗ ಗುಮ್ಮಟಕ್ಕೆ ಮೊದಲು ಹಸಿರು ಬಣ್ಣ ಬಳಿದರು, ಆಕ್ಷೇಪ ಬಂದ ಮೇಲೆ ಬಿಳಿ ಬಳಿದರು. 2015ರಲ್ಲಿ ಮತ್ತೆ ಬೆಂಕಿ. 2022ರ ಏಪ್ರಿಲ್‌ನಲ್ಲಿ ಗೋರಿಕಲ್ಲನ್ನೇ ಒಡೆದರು. ‘ಯೋಸೇಫನ ಸಮಾಧಿ’ ಎಂದರೆ ಒಂದು ಪಕ್ಷ, ‘ಯೂಸುಫರ ದರ್ಗಾ’ ಎಂದರೆ ಇನ್ನೊಂದು. ನಮ್ಮ ಶರಣರಿಗಿರುವ ‘ಗದ್ದುಗೆ’ ಎಂಬ ಪದದ ಮೇಲೆ ನನಗೆ ಆಸೆಯಿದೆ, ಆದರೆ ಅದು ನಾಬ್ಲುಸ್‌ವರೆಗೆ ನಡೆಯಲಾರದು.

ವೆಸ್ಟ್ ಬ್ಯಾಂಕಿನದೇ ಹೆಬ್ರಾನ್ ಪಟ್ಟಣದ ಇಬ್ರಾಹಿಮಿ ಮಸೀದಿಯ ಬಗ್ಗೆ ಒಂದೇ ಮಾತು. 1994ರ ಫೆಬ್ರವರಿ 25, ರಂಜಾನ್ ತಿಂಗಳ ಬೆಳಗಿನ ನಮಾಜು. ಬರೂಕ್ ಗೋಲ್ಡ್‌ಸ್ಟೀನ್ ಎಂಬ ಯಹೂದಿ ವಲಸಿಗ ಅಲ್ಲಿ 29 ಜನರನ್ನು ಗುಂಡಿಟ್ಟು ಕೊಂದ. ಅದನ್ನು ‘ಇಬ್ರಾಹಿಮಿ ಮಸೀದಿಯ ಮೇಲೆ ದಾಳಿ’ ಎಂದು ಬರೆದರೆ ಗೋಡೆ ಉಳಿದು ಜನ ಮಾಯವಾಗುತ್ತಾರೆ. ಅದು ಹತ್ಯಾಕಾಂಡ, ಬೇರೆ ಪದ ಹುಡುಕಬೇಕಿಲ್ಲ.

ಈಗ ಕೇಳಬೇಕಾದದ್ದು ಎರಡು. ‘ಅಳುಪು’ ಅಥವಾ ಸಕರ್ಮಕ ‘ಅಳಿ’ ಯಾವುದಾದರೂ ಸೀಮೆಯ ಆಡುಮಾತಿನಲ್ಲಿ ಉಳಿದಿದೆಯೇ? ನಮ್ಮ ಕರಾವಳಿಯ ಮುಸ್ಲಿಮರ ನುಡಿಗಳಾದ ಬ್ಯಾರಿ, ನವಾಯತಿ ಬಲ್ಲವರು ಯಾರಾದರೂ ಇದ್ದರೆ, ದರ್ಗಾದ ಅಂಗಳದಲ್ಲಿ ಯಾರೋ ಸಲ್ಲದ ಕೆಲಸ ಮಾಡಿದಾಗ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಬರುವ ಪದ ಯಾವುದು?