ಮಗಳ ಸಂಗ್ರಹಾಲಯ ಭೇಟಿಗೆ ಮಾರ್ಗದರ್ಶಕರು ಬೇಕೇ?

ಪ್ರಶ್ನೆ – ಮಂಡ್ಯದ ಒಬ್ಬ ತಂದೆ

ನಮಸ್ಕಾರ. ನಮ್ಮ ಮಗಳಿಗೆ ಒಂಬತ್ತು ವರ್ಷ. ಹಿತ್ತಲಿನಲ್ಲಿ ಸಿಗುವ ಹಕ್ಕಿಯ ಗರಿ, ಬಸವನಹುಳುವಿನ ಚಿಪ್ಪು, ಜೀರುಂಡೆ ಕಳಚಿಟ್ಟ ಪೊರೆ ಎಲ್ಲವನ್ನೂ ಡಬ್ಬಿಯಲ್ಲಿ ಕೂಡಿಡುತ್ತಾಳೆ. ಕಳೆದ ವರ್ಷ ಶಾಲೆಯಿಂದ ಬೇರೊಂದು ಊರಿನ ಸಂಗ್ರಹಾಲಯಕ್ಕೆ ಕರೆದೊಯ್ದಾಗ ಮಕ್ಕಳನ್ನು ಸಾಲಿನಲ್ಲಿ ಬೇಗ ಬೇಗ ನಡೆಸಿದ್ದರಿಂದ, ಅಲ್ಲೊಂದು ಹುಲಿ ಇತ್ತು ಎಂಬುದಷ್ಟೇ ಅವಳ ನೆನಪಿನಲ್ಲಿ ಉಳಿದಿದೆ. ಈ ರಜೆಯಲ್ಲಿ ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿರುವ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯಕ್ಕೆ ಹೋಗುವ ಆಲೋಚನೆಯಿದೆ. ವಿವರಿಸಿ ಹೇಳುವವರೊಬ್ಬರು ಜೊತೆಗಿದ್ದರೆ ಒಳ್ಳೆಯದೇ, ಇಲ್ಲವೇ ಅವಳ ಪಾಡಿಗೆ ಬಿಡುವುದು ಲೇಸೇ? ತಿಳಿದವರು ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ – ನಿವೃತ್ತ ಜೀವಶಾಸ್ತ್ರ ಶಿಕ್ಷಕ, ಮೈಸೂರು

ಮಾನ್ಯರೇ, ವಿವರಿಸುವವರು ಯಾವ ರೀತಿಯವರು ಎಂಬುದರ ಮೇಲೆ ಇದು ನಿಂತಿದೆ. ಫಲಕದಲ್ಲಿ ಬರೆದಿರುವುದನ್ನೇ ಗಟ್ಟಿಯಾಗಿ ಓದಿ ಮುಂದಕ್ಕೆ ಕರೆಯುವವರಾದರೆ ಅವರಿಲ್ಲದಿರುವುದೇ ವಾಸಿ. ಒಳ್ಳೆಯ ಮಾರ್ಗದರ್ಶಕರು ಮಗುವನ್ನು ಒಂದೇ ವಸ್ತುವಿನ ಮುಂದೆ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ, ಹೇಳುವುದಕ್ಕಿಂತ ಕೇಳುವುದು ಹೆಚ್ಚು. ಚುಕ್ಕೆ ಜಿಂಕೆಯ ಮತ್ತು ಹುಲಿಯ ತಲೆಬುರುಡೆಗಳೆರಡನ್ನು ತೋರಿಸಿ, ಕಣ್ಣಿನ ಗುಳಿಗಳು ಯಾವ ಕಡೆಗೆ ಮುಖ ಮಾಡಿವೆ ಎಂದಷ್ಟೇ ಕೇಳಿದರೆ ಸಾಕು. ಬೇಟೆಯ ದೂರವನ್ನು ಅಳೆಯಬೇಕಾದ ಪ್ರಾಣಿಗೆ ಕಣ್ಣು ಮುಂದಕ್ಕೂ, ಸುತ್ತಲಿನ ಅಪಾಯವನ್ನು ಗಮನಿಸಬೇಕಾದ ಪ್ರಾಣಿಗೆ ಪಕ್ಕಕ್ಕೂ ಇರುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಆಮೇಲೆ ಜಿಂಕೆಯ ಮೇಲ್ದವಡೆಯಲ್ಲಿ ಮುಂದಿನ ಬಾಚಿಹಲ್ಲುಗಳೇ ಇಲ್ಲದಿರುವುದು ತಾನಾಗಿಯೇ ಅವರ ಕಣ್ಣಿಗೆ ಬೀಳುತ್ತದೆ. ಕೊಂಬುಗಳ ವಿಷಯವೂ ಹಾಗೆಯೇ: ಗಂಡು ಜಿಂಕೆಯ ಕವಲೊಡೆದ ಕೊಂಬು ಮೂಳೆಯದು, ಉದುರಿ ಮತ್ತೆ ಬೆಳೆಯುತ್ತದೆ, ಕಾಟಿಯ ಕೊಂಬಿಗೆ ಒಳಗೆ ಮೂಳೆಯೂ ಹೊರಗೆ ನಮ್ಮ ಉಗುರಿನ ವಸ್ತುವಿನದೇ ಹೊದಿಕೆಯೂ ಇದ್ದು, ಅದು ಬಾಳಿನುದ್ದಕ್ಕೂ ಉಳಿಯುತ್ತದೆ.

ನಿಮ್ಮ ಮಗಳು ಆ ಪೊರೆಯನ್ನೂ ತರಲಿ. ಮರಿ ಜೀರುಂಡೆ ವರ್ಷಗಟ್ಟಲೆ ಮಣ್ಣಿನೊಳಗೆ ಬೇರಿನ ರಸ ಹೀರುತ್ತ ಬೆಳೆದು, ಕೊನೆಗೆ ಮರವನ್ನೇರಿ, ಬೆನ್ನು ಸೀಳಿದ ಆ ಅಂಗಿಯಿಂದ ರೆಕ್ಕೆ ಸಮೇತ ಹೊರಬರುತ್ತದೆ ಎಂಬುದನ್ನು ಕೀಟಗಳ ವಿಭಾಗದ ಎದುರು ಹೇಳಿದರೆ ಅದು ಅವಳದೇ ಪಾಠವಾಗುತ್ತದೆ.

ಪ್ರತಿಕ್ರಿಯೆ – ಬೆಂಗಳೂರಿನ ಒಬ್ಬ ತಾಯಿ

ಮೇಲಿನ ಮಾತಿಗೆ ನನ್ನ ಸಹಮತವಿದೆ. ಒಂದು ವಿಷಯಕ್ಕೆ ಮಾತ್ರ ನೀವು ಮೊದಲೇ ಸಿದ್ಧರಾಗಿರಬೇಕು: ತುಂಬಿಟ್ಟ ಪ್ರಾಣಿಯನ್ನು ಕಂಡೊಡನೆ ಮಕ್ಕಳು ಕೇಳುವುದು ‘ಇದು ನಿಜವಾದದ್ದೇ? ಇದನ್ನು ಕೊಂದವರು ಯಾರು?’ ಎಂದು. ಈ ಪ್ರಶ್ನೆಯನ್ನು ತೇಲಿಸಿಬಿಡುವ ಮಾರ್ಗದರ್ಶಕರನ್ನು ನಾನು ಕಂಡಿದ್ದೇನೆ, ಅದು ನನಗೆ ಹಿಡಿಸುವುದಿಲ್ಲ. ಚರ್ಮ ನಿಜವಾದದ್ದು, ಕಣ್ಣು ಗಾಜಿನದು, ಒಳಗಿರುವುದು ಅಚ್ಚಿನಿಂದ ಮಾಡಿದ ಮೈ ಎಂದು ನೇರವಾಗಿ ಹೇಳಬಹುದು. ಅದೂ ಮೈಸೂರಿನಲ್ಲಿ! ವ್ಯಾನ್ ಇಂಗೆನ್ ಕುಟುಂಬದ ಕಾರ್ಯಾಗಾರವು 20ನೆಯ ಶತಮಾನದ ಬಹುಭಾಗ ಅದೇ ಊರಿನಲ್ಲಿ ಹುಲಿ ಚಿರತೆಗಳನ್ನು ಹದಗೊಳಿಸಿ ಜಗತ್ತಿನ ನಾನಾ ಕಡೆಗೆ ಕಳುಹಿಸುತ್ತಿತ್ತು. ಆಗ ಬೇಟೆ ದೊಡ್ಡಸ್ತಿಕೆಯ ಗುರುತಾಗಿತ್ತೆಂದೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದು ಅಪರಾಧವಾಯಿತೆಂದೂ ಒಂಬತ್ತು ವರ್ಷದ ಮಗುವಿಗೆ ಧಾರಾಳವಾಗಿ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಇಡೀ ಸಂಗ್ರಹಾಲಯವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬೇಕೆಂಬ ಹಟ ಬೇಡವೇ? ಅಷ್ಟು ದೂರ ಹೋಗಿ ಅರ್ಧಕ್ಕೇ ಹಿಂದಿರುಗಿದರೆ ಮನೆಯವರು ಆಕ್ಷೇಪಿಸಬಹುದು.

ಪ್ರತಿಕ್ರಿಯೆ – ನಿವೃತ್ತ ಜೀವಶಾಸ್ತ್ರ ಶಿಕ್ಷಕ, ಮೈಸೂರು

ಬೇಡವೇ ಬೇಡ. ಮಂಡ್ಯವೇನು ದೂರವೇ, ಮತ್ತೊಮ್ಮೆ ಬನ್ನಿ. ಈ ಸಂಗ್ರಹಾಲಯವು 1995ರಲ್ಲಿ ಆರಂಭವಾದದ್ದು. ದೆಹಲಿಯಲ್ಲಿ 1978ರಲ್ಲಿ ತೆರೆದ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ಸಂಗ್ರಹಾಲಯದ ಅಂಗಸಂಸ್ಥೆ. ದೆಹಲಿಯ ಕಟ್ಟಡವು 2016ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಇಂಥ ಪ್ರಾದೇಶಿಕ ಸಂಗ್ರಹಾಲಯಗಳ ಬೆಲೆ ಇನ್ನೂ ಹೆಚ್ಚಾಗಿದೆ ಎಂದು ನನ್ನ ಭಾವನೆ. ಬೆಳಿಗ್ಗೆ ಒಂದೆರಡು ವಿಭಾಗಗಳನ್ನಷ್ಟೇ ನೋಡಿ, ಅನಂತರ ಪಕ್ಕದ ಕಾರಂಜಿ ಕೆರೆಗೆ ಹೋಗಿ. ಒಳಗೆ ಕೊಕ್ಕುಗಳ ಆಕಾರವನ್ನು ಗಮನಿಸಿದ ಮಗುವಿಗೆ ಅಲ್ಲಿನ ಹೆಜ್ಜಾರ್ಲೆ, ನೀರುಕಾಗೆಗಳು ಆ ಕೊಕ್ಕನ್ನು ಹೇಗೆ ಬಳಸುತ್ತವೆ ಎಂಬುದು ಕಣ್ಣೆದುರೇ ಸಿಗುತ್ತದೆ. ಸಾಮಾನ್ಯವಾಗಿ ಸಂಗ್ರಹಾಲಯಕ್ಕೆ ಸೋಮವಾರ, ಮೃಗಾಲಯ ಮತ್ತು ಕೆರೆಗೆ ಮಂಗಳವಾರ ರಜೆ. ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿ, ಮಕ್ಕಳಿಗೆ ವಿವರಿಸುವವರು ಆ ದಿನ ಇರುತ್ತಾರೆಯೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.