ತಿಥಿ ಮುಗಿದ ಮೇಲೆ ಸಂಜೆ ಹೊತ್ತು ಯಾರೂ ಬರುವುದಿಲ್ಲ: ಗ್ರೂಪಿನಲ್ಲಿ ಮನೋವೈದ್ಯರಿಗೆ ಪ್ರಶ್ನೆ

ಮಂಡ್ಯದ ಸದಸ್ಯೆ: ನಮಸ್ಕಾರ ಡಾಕ್ಟ್ರೇ. ಅಮ್ಮ ಹೋಗಿ ಮೂರು ತಿಂಗಳು. ಹನ್ನೊಂದನೇ ದಿನದವರೆಗೂ ಮನೆ ತುಂಬ ಜನ, ಆಮೇಲೆ ಯಾರೂ ಇಲ್ಲ. ಅಪ್ಪ ದಿನಾ ಸಂಜೆ ಕುಡಿಯತೊಡಗಿದರು, ಈಗ ಬೆಳಗ್ಗೆಯೂ ಬೇಕು. ನಿನ್ನೆ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದೆ. ಇವತ್ತು ಅವರಿಗೆ ಕೈ ನಡುಕ, ಮೈಯೆಲ್ಲ ಬೆವರು. ಎರಡು ದಿನದಲ್ಲಿ ಸರಿಹೋಗುತ್ತದೆ ಅಲ್ವಾ?

ಡಾಕ್ಟರ್: ಇಲ್ಲಮ್ಮ, ಕಾಯಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108. ದಿನಾ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಹಗಲು ರಾತ್ರಿ ತಿಳಿಯುವುದಿಲ್ಲ, ಇಲ್ಲದವರು ಕಾಣಿಸುತ್ತಾರೆ. ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ ಅಂತ ಅಪ್ಪ ಹೇಳಿದರೆ, ಪಾಪ ದುಃಖ ಎಂದು ಸುಮ್ನೆ ಇರಬೇಡಿ. ಜೀವಕ್ಕೇ ಅಪಾಯ. ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಯಾವಾಗ ಎಂದು ಮರ್ಯಾದೆಗೆ ಅಂಜದೆ ಅಲ್ಲಿ ಹೇಳಿ. ಗ್ಲೂಕೋಸ್ ಹಾಕುವ ಮುಂಚೆ ವಿಟಮಿನ್ ಬಿ1 ಇಂಜೆಕ್ಷನ್ ಬೇಕಾಗಬಹುದು.

ಹಾಸನದ ಸದಸ್ಯ: ಫಾರ್ವರ್ಡ್ ಬಂದಿದೆ ಸರ್. ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸುವ ಪುಡಿ, ಏಳೇ ದಿನದಲ್ಲಿ ಕುಡಿತ ಬಂದ್.

ಡಾಕ್ಟರ್: ಅದರಲ್ಲಿ ಏನಿದೆ ಎಂದು ಬರೆದಿದೆಯಾ? ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಔಷಧಿ ಇದ್ದು, ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ, ಬಿಪಿ ಕುಸಿತ. ಸಾಯಲೂಬಹುದು. ಕದ್ದು ಕೊಡುವ ಔಷಧಿ ಔಷಧಿಯಲ್ಲ.

ತುಮಕೂರಿನ ಸದಸ್ಯೆ: ಸರ್, ನನ್ನ ಗಂಡ ಹೋಗಿ ವರ್ಷವಾಯಿತು. ಅಂದಿನಿಂದ ನಿದ್ದೆ ಮಾತ್ರೆ ಬಿಡಲು ಆಗುತ್ತಿಲ್ಲ. ಹೆಂಗಸರು ಕೂತು ಮಾತಾಡುವ ಜಾಗ ಎಲ್ಲಾದರೂ ಇದೆಯಾ?

ಧಾರವಾಡದ ಸದಸ್ಯ: ಆ ಪುಡಿ ಎಲ್ಲಿ ಸಿಗುತ್ತದೆ?

ಡಾಕ್ಟರ್: ಮೇಲೆ ಓದಿ.

ಹಾಸನದ ಸದಸ್ಯ: ಹಾಗಾದರೆ ಭಜನೆಗೆ ಕಳಿಸಿ. ಜನ ಸಿಗುತ್ತಾರೆ.

ಮೈಸೂರಿನ ಸದಸ್ಯ: ನಮ್ಮೂರಲ್ಲಿ ಭಜನೆ ಮುಗಿದ ಮೇಲೇ ಬಾಟಲಿ ತೆಗೆಯುವುದು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಆದರೆ ಸರಿ. ಊರವರೇ ಮುಂದೆ ನಿಂತು ಮಾಡುತ್ತಾರೆ.

ಹಾಸನದ ಸದಸ್ಯ: ಶಿಬಿರದಿಂದ ಬಂದವನನ್ನು ಬಾರಿಗೆ ಕರೆಯುವುದೂ ಅದೇ ಊರವರು.

ಮಂಡ್ಯದ ಸದಸ್ಯೆ: ಅಡ್ಮಿಟ್ ಮಾಡಿಕೊಂಡರು ಡಾಕ್ಟ್ರೇ. ಹಾಲುತುಪ್ಪದ ದಿನ 'ಸ್ವಲ್ಪ ತಗೋ, ನಿದ್ದೆ ಬರುತ್ತದೆ' ಎಂದು ಮೊದಲು ಕೊಟ್ಟಿದ್ದು ಚಿಕ್ಕಪ್ಪನೇ. ಈಗ ನನಗೇ ಬೈಯುತ್ತಿದ್ದಾರೆ.

ಡಾಕ್ಟರ್: ಅದೇ ಚಿಕ್ಕಪ್ಪನಿಗೆ ಕೆಲಸ ಕೊಡಿ. ಡಿಸ್ಚಾರ್ಜ್ ಆದ ಮೇಲೆ ಸಂಜೆ ಆರರಿಂದ ಒಂಬತ್ತು ಕಷ್ಟದ ಹೊತ್ತು. 'ಏನಾದರೂ ಬೇಕಾದರೆ ಹೇಳಿ' ಅಂದರೆ ಯಾರೂ ಕೇಳುವುದಿಲ್ಲ. ಒಂದು ದಿನ ಚಿಕ್ಕಪ್ಪ, ಒಂದು ದಿನ ಪಕ್ಕದ ಮನೆಯವರು, ವಾರವಿಡೀ ಹೆಸರು ಬರೆದಿಡಿ. ಡೈರಿಗೆ ಹಾಲು ಹಾಕಲು ಜೊತೆ ಹೋಗಲಿ. ಅಮ್ಮನ ಮಾತು ಬಂದರೆ ಬಾಯಿ ಮುಚ್ಚಿಸಬೇಡಿ, ಅಳಲಿ. ಕುಡಿತ ಬಿಡುವವರೇ ಸೇರಿ ನಡೆಸುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗೆ ದುಡ್ಡು ಕೊಡಬೇಕಿಲ್ಲ. ಕುಡಿಯುವವರ ಮನೆಯವರಿಗೆ ಅಂಥದ್ದೇ ಅಲ್-ಅನಾನ್ ಸಭೆ ಇದೆ. ರಾತ್ರಿ ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಬೀದರ್‌ನ ಸದಸ್ಯ: ಪುಡಿಯ ರೇಟ್ ಎಷ್ಟು?

ಡಾಕ್ಟರ್: ಇನ್ನೊಬ್ಬರು ಪುಡಿ ಅಂದರೆ ನಾನು ಗ್ರೂಪ್ ಬಿಡುತ್ತೇನೆ.

ಹಾಸನದ ಸದಸ್ಯ: ಕೇಳಿದರೆ ಕೋಪ ಯಾಕೆ ಸರ್? ಆಸ್ಪತ್ರೆಗೆ ಕೊಡುವಷ್ಟು ದುಡ್ಡು ಎಲ್ಲರ ಹತ್ತಿರ ಇಲ್ಲ.

ಮೈಸೂರಿನ ಸದಸ್ಯ: ಸರ್ಕಾರಿ ಆಸ್ಪತ್ರೆ ಇಲ್ವೇನ್ರೀ? ಮೊದಲು ಫಾರ್ವರ್ಡ್ ಡಿಲೀಟ್ ಮಾಡಿ.

ಹಾಸನದ ಸದಸ್ಯ: ನೀವೇನು ಅಡ್ಮಿನ್ನಾ?

ತುಮಕೂರಿನ ಸದಸ್ಯೆ: ಸರ್, ನನ್ನ ಪ್ರಶ್ನೆ ಮೇಲೆಲ್ಲೋ ಹೋಯಿತು. ನಿದ್ದೆ ಮಾತ್ರೆಯದು.